ಹಾಡು ಮುಗಿದ ಮೇಲಿನ ದನಿ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ, ಆ ವಾಸನೆಗೆ ಕಾಶಿಯ ಮಹಡಿ ಅಜ್ಜಿ ನೆನಪಾದರು. ಎಪ್ಪತ್ತರ ದಶಕ... ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಅಲ್ಲಿನ ಭೇಲೂಪುರದಲ್ಲಿ ಬಾಡಿಗೆಗಿದ್ದೆವು. ಮೇಲಿನ ಮನೆಯಲ್ಲಿ ಮೈಸೂರು ಕಡೆಯ ಈ ಅಜ್ಜಿ ಒಬ್ಬರೇ ಇದ್ದರು.

ಅವರ ಬಳಿ ಹಳೆಯದೊಂದು ಗ್ರಾಮಫೋನ್ ಪ್ಲೇಟಿತ್ತು. ಅದರಲ್ಲಿ ಹಾಡಿದವರು ತಮ್ಮ ತಾಯಿ ಎನ್ನುತ್ತಿದ್ದರು. ಮರ್ಯಾದಸ್ಥರ ಮನೆಯ ಹೆಂಗಸು ಹಾಗೆಲ್ಲ ಹಾಡುವುದುಂಟೇ ಎಂದು ಮನೆಯವರೇ ಆ ಸಂಗತಿಯನ್ನು ಮುಚ್ಚಿಹಾಕಿದ್ದರಂತೆ. ಪ್ಲೇಟಿನ ನಡುವೆ ಹೆಸರಿದ್ದ ಚೀಟಿಯನ್ನು ಹುಳು ತಿಂದಿತ್ತು. ಅಜ್ಜಿಯ ಗ್ರಾಮಫೋನ್ ಸ್ಪ್ರಿಂಗ್ ಮುರಿದು ಮೂಲೆ ಸೇರಿತ್ತು. ಆದರೂ ಅದಕ್ಕೆ ಎಣ್ಣೆ ಹಾಕುವುದನ್ನು ಅವರು ಬಿಟ್ಟಿರಲಿಲ್ಲ. ಕಾಶಿಯ ಕನ್ನಡ ಮಠದ ಪುರೋಹಿತರೊಬ್ಬರು, "ಹೆಸರಿಲ್ಲದ ಪ್ಲೇಟಲ್ಲಿ ಹಾಡಿದವರನ್ನ ಯಾರು ಬೇಕಾದ್ರೂ ತಾಯಿ ಅನ್ನಬಹುದಮ್ಮ" ಎಂದು ಛೇಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇದೆಯೆಂದು ತಿಳಿದದ್ದೇ ತಡ, ಅಜ್ಜಿಯನ್ನು ರಿಕ್ಷಾ ಹತ್ತಿಸಿದೆ. ಕಿವಿಯಾರೆ ಕೇಳಿ ಬನ್ನಿ ಎಂದು ಪುರೋಹಿತರನ್ನೂ ಬಿಡದೆ ಕರೆದೊಯ್ದೆ.

ಅಂಗಡಿಯವನು ಹೊಸ ಮುಳ್ಳು ಸಿಕ್ಕಿಸಿ ಕೀಲಿ ತಿರುಗಿಸಿದ. ಕರಕರ ಸದ್ದಿನ ನಡುವೆ ಒಂದು ಹೆಣ್ಣುದನಿ, ತೆಳ್ಳಗೆ, ಆದರೆ ಧೈರ್ಯವಾಗಿ ಏರಿತು. ಚಹಾ ಕುಡಿಯುತ್ತಿದ್ದವರು ಹತ್ತಿರ ಸರಿದರು. ಹಾಡು ಮುಗಿದ ಕೂಡಲೇ ಮುಳ್ಳು ಎತ್ತುವುದು ಎಲ್ಲರ ರೂಢಿ. ಅಂಗಡಿಯವನೂ ಕೈ ಚಾಚಿದ. ಅಜ್ಜಿ ಆ ಕೈ ಹಿಡಿದುಬಿಟ್ಟರು.

"ರುಕೋ ಭಯ್ಯಾ," ಎಂದು ಅವನನ್ನು ತಡೆದು ನಮ್ಮ ಕಡೆ ತಿರುಗಿದರು. "ಅಮ್ಮ ಇನ್ನೂ ಮುಗಿಸಿಲ್ಲ."

ಆ ಕಾಲದಲ್ಲಿ ಹಾಡನ್ನು ಇಲ್ಲಿ ಹಿಡಿದು ಪ್ಲೇಟನ್ನು ಪರದೇಶದಲ್ಲಿ ಒತ್ತುತ್ತಿದ್ದರು. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳಬೇಕಿತ್ತು. ತಾಯಿ ಹೇಳಿದ್ದ ಈ ಮಾತನ್ನೇ ಅಜ್ಜಿ ನಂಬಿಕೊಂಡಿದ್ದರು... ಒಂದು ಗಳಿಗೆ ಬರೀ ಕರಕರ. ಆಮೇಲೆ ಅದೇ ದನಿ ತನ್ನ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಕೂಗಿ ಹೇಳಿತು. ಅಜ್ಜಿ ನಮಗೆ ಎಷ್ಟೋ ಸಲ ಹೇಳಿದ್ದ ಹೆಸರೇ!

ಪುರೋಹಿತರು ಎದ್ದು ಅಜ್ಜಿಗೆ ಕೈ ಮುಗಿದರು. ಹಾಡನ್ನು ಇನ್ನೊಮ್ಮೆ ಕೇಳೋಣವೇ ಎಂದರು.

"ಹಾಡು ಆಮೇಲೆ," ಎಂದರು ಅಜ್ಜಿ. "ಮೊದಲು ಹೆಸರು ಹಾಕ್ಸಿ."

ಮತ್ತೆ ಮತ್ತೆ ಹಾಕಿಸಿದರು. ಕೊನೆಗೆ ಅಂಗಡಿಯಲ್ಲಿದ್ದ ಕಾಲೇಜು ಹುಡುಗರೂ ಪ್ಲೇಟಿನ ಜೊತೆಗೇ ಆ ಕನ್ನಡದ ಹೆಸರನ್ನು ತಮ್ಮ ಹಿಂದಿ ಬಾಯಲ್ಲಿ ಕೂಗತೊಡಗಿದರು. ಅಜ್ಜಿ ರಾಣಿಯಂತೆ ಬೆಂಚಿನ ಮೇಲೆ ಕೂತಿದ್ದರು. ಅಷ್ಟು ಸಂತೋಷವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಪ್ಲೇಟು ಯಾರ ಕೈ ಸೇರಿತೋ... ತಾಯಿಯ ದನಿಯನ್ನು ಗೆಲ್ಲಿಸಿದವರ ದನಿಯನ್ನು ಮಾತ್ರ ಯಾರೂ ಎಲ್ಲೂ ಹಿಡಿದಿಟ್ಟಿಲ್ಲ. ಅದು ನನ್ನ ಕಿವಿಯಲ್ಲಿದೆ, ನನ್ನ ಜೊತೆಗೇ ಹೋಗುತ್ತದೆ.