ಜೋಳದೊಳಗಿನ ಡಬ್ಬಿ

ನನ್ನ ತಮ್ಮ ಬಿಯರ್ ಮಾಡುತ್ತಿದ್ದ. ಬಸವನ ಬಾಗೇವಾಡಿಯ ನನ್ನ ತವರಿನಲ್ಲಾಗಲಿ, ಇಂಡಿ ಊರಿನ ನನ್ನ ಗಂಡನ ಮನೆಯಲ್ಲಾಗಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೇಳಿದವರಿಗೆ ‘ಬೆಂಗಳೂರಾಗ ದೊಡ್ಡ ಹೋಟೆಲ್‌ನ್ಯಾಗ ಅದಾನ’ ಎನ್ನುತ್ತಿದ್ದರು. ಹಾಗೆ ಹೇಳುವಾಗ ಅಪ್ಪ ಕೊರಳಿನ ಲಿಂಗವನ್ನು ಮುಟ್ಟಿಕೊಳ್ಳುತ್ತಿದ್ದ, ನಮ್ಮ ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಅದೇ ಅತ್ತೆಯ ಮಗ, ಅಂದರೆ ನಮ್ಮ ಮನೆಯವರು, ಸಂಜೆಯಾದರೆ ಧಾಬಾಕ್ಕೆ ಹೋಗಿ ಕುಡಿದು ಬರುವುದು ಓಣಿಗೆಲ್ಲ ಗೊತ್ತು. ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲದ ಹಿಂದೆ ವಿಸ್ಕಿ ಪಾಕೀಟು ಇರುವುದು ಅತ್ತೆಗೂ ಗೊತ್ತು. ಮಗ ತೂರಾಡುತ್ತ ಬಂದರೆ ‘ನನ್ನ ಮಗಾ ದಣಿದಾನ, ಲಗೂನ ಊಟಕ್ಕ ನೀಡು’ ಎನ್ನುತ್ತಾರೆ. ಕುಡಿಯುವವನು ದಣಿದವನು, ಮಾಡುವವನು ಮಾನಗೆಟ್ಟವನು. ಈ ನ್ಯಾಯ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಆ ನ್ಯಾಯಕ್ಕೆ ಹೆದರಿ ನಾನು ಮಾಡಿದ್ದನ್ನು ನೆನೆದರೆ ಇನ್ನೂ ಹೆಚ್ಚು ಉರಿಯುತ್ತದೆ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಲೇಬೇಕು.

ತಮ್ಮ ಕೆಲಸ ಮಾಡುತ್ತಿದ್ದದ್ದು ಬಿಯರನ್ನು ಅಲ್ಲಿಯೇ ಕುದಿಸಿ, ಹುಳಿಸಿ, ನಲ್ಲಿಯಿಂದ ಗ್ಲಾಸಿಗೆ ಹಿಡಿದುಕೊಡುವ ಜಾಗದಲ್ಲಿ. ಗ್ಲಾಸು ತೊಳೆಯಲು ಸೇರಿದವನು ಮೆಲ್ಲಗೆ ಹಂಡೆಗಳ ಹತ್ತಿರ ಹೋದ. ಮನೆಗೆ ಒಯ್ಯುವವರಿಗೆ ದೊಡ್ಡ ತಗಡಿನ ಡಬ್ಬಿಯಲ್ಲಿ ನಲ್ಲಿಯ ಬಿಯರ್ ತುಂಬಿ, ಮೇಲೆ ಮುಚ್ಚಳವಿಟ್ಟು, ಯಂತ್ರದಲ್ಲಿ ಅದರ ಅಂಚು ಮಡಿಸಿ ಸೀಲ್ ಮಾಡುವುದು ಅವನ ಕೈಕೆಲಸವಾಯಿತು. ಬರಬರುತ್ತ ಬಿಯರ್ ಮಾಡುವುದನ್ನೂ ಕಲಿತ. ಅವನ ಹೆಂಡತಿ, ಸಣ್ಣ ಮಗಳು ಬಾಗೇವಾಡಿಯಲ್ಲಿ ಅಪ್ಪನ ಮನೆಯಲ್ಲಿದ್ದರು. ಮಗಳು ಅವನನ್ನು ಫೋನಿನೊಳಗಿನ ಮನುಷ್ಯ ಎಂದೇ ತಿಳಿದಿದ್ದಳು. ಅವನು ಊರಿಗೆ ಬಂದರೆ ಹೆದರಿ ತಾಯಿಯ ಹಿಂದೆ ಅಡಗುತ್ತಿದ್ದಳು.

ಅಂಥ ಹೊತ್ತಿಗೆ ಸಿಂದಗಿಯ ಒಬ್ಬ ಲಾಡ್ಜ್ ಮಾಲೀಕರು ವಿಜಯಪುರ ರಸ್ತೆಯಲ್ಲಿ ಅದೇ ನಮೂನೆಯ ಜಾಗ ಕಟ್ಟಿಸುತ್ತಿದ್ದಾರೆ, ಕೈ ಪಳಗಿದವನನ್ನು ಹುಡುಕುತ್ತಿದ್ದಾರೆ ಎಂದು ತಮ್ಮನಿಗೆ ಗೊತ್ತಾಯಿತು. ‘ನಿನ್ನ ಮಾತ ಬ್ಯಾಡ, ನಿನ್ನ ಮಾಲ ತಗೊಂಡ ಬಾ, ಕುಡದ ನೋಡತೇನಿ’ ಎಂದರಂತೆ ಅವರು. ತಮ್ಮ ತಾನೇ ಮಾಡಿದ ಬಿಯರನ್ನು ತಾನೇ ಡಬ್ಬಿಗೆ ತುಂಬಿ, ತಾನೇ ಸೀಲ್ ಮಾಡಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿಕೊಂಡು ಬಸ್ಸಿನಲ್ಲಿ ಬಂದ. ಮಾಲೀಕರು ಊರಲ್ಲಿರಲಿಲ್ಲ, ಮಂಗಳವಾರ ಸಿಗುತ್ತೇನೆ ಅಂದಿದ್ದರು. ಅಪ್ಪನ ಮನೆಯ ಹೊಸ್ತಿಲೊಳಗೆ ಆ ಪೆಟ್ಟಿಗೆ ಹೋಗುವಂತಿರಲಿಲ್ಲ. ಶನಿವಾರ ನೇರವಾಗಿ ನನ್ನ ಮನೆಗೆ ತಂದ.

ಅತ್ತೆ ಆಗ ಝಳಕಿಯಲ್ಲಿ, ಮಗಳ ಮನೆಯಲ್ಲಿದ್ದರು. ನಾನೇ ಫ್ರಿಜ್ಜಿನ ತಳದಲ್ಲಿ, ಮೆಂತ್ಯ ಸೊಪ್ಪಿನ ಸಿವುಡುಗಳ ಕೆಳಗೆ ಡಬ್ಬಿಗಳನ್ನು ಹೊಂದಿಸಿದೆ.

“ಅಕ್ಕಾ, ಏನರ ಆಗಲಿ, ಇವನ್ನ ಹೊರಗ ತೆಗೀಬ್ಯಾಡ” ಎಂದ.

“ಬಿಗಿಯಾಗಿ ಸೀಲ್ ಆಗ್ಯಾವಲ್ಲೋ, ಏನಾಗತೈತಿ? ನಮ್ಮ ಮನಿಯವರು ತರೂ ಡಬ್ಬಿ ವರ್ಷಗಟ್ಟಲೆ ಅಂಗಡ್ಯಾಗ ಕುಂತಿರತಾವ.”

“ಅವು ಬ್ಯಾರೆ ಯಕ್ಕಾ. ಕಂಪನಿಯವರು ಅದನ್ನ ಡಬ್ಬಿ ಸಮೇತ ಕಾಸಿರತಾರ. ಅದು ಸತ್ತದ್ದು, ಕೆಡೂದಿಲ್ಲ. ಇದು ನಳದಿಂದ ಹಿಡದದ್ದು, ಒಳಗ ಇನ್ನೂ ಜೀವ ಐತಿ. ಪಾಕೀಟ ಹಾಲಿಗೂ ಎಮ್ಮಿ ಹಿಂಡಿದ ಹಾಲಿಗೂ ಫರಕ್ ಇಲ್ಲೇನು? ತಂಪಿನ್ಯಾಗ ಇದ್ರ ವಾರ ತಾಳತೈತಿ. ಬೆಚ್ಚಗಾದ್ರ ಸೀಲ್ ಏನ ಮಾಡತೈತಿ, ಒಳಗs ಕೆಡತೈತಿ.”

“ಆತು ಬಿಡೋ ಮಾರಾಯಾ, ಕೂಸಿನ ಗತೆ ನೋಡ್ಕೋತೇನಿ” ಎಂದೆ. ಅವನು ನಕ್ಕ. ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿ ಬಾಗೇವಾಡಿಗೆ ಹೋದ.

ಮರುದಿನ ಅತ್ತೆಯ ಫೋನು ಬಂತು. “ಏನವಾ, ನಾಳೆ ಶ್ರಾವಣ ಸೋಮವಾರ. ಅಯ್ಯನವರು ನಮ್ಮನ್ಯಾಗs ಪಾದಪೂಜಿಗೆ ಒಪ್ಯಾರ. ನಾ ಈಗ ಗಾಡಿ ಹತ್ತೇನಿ. ಮನಿ ಸಾರಿಸು. ಫ್ರಿಜ್ ತೊಳಿ, ಪೂಜಾದ ಹಾಲ ಅದರಾಗs ಇಡಬೇಕು.”

ಪಕ್ಕದ ಮನೆಯಲ್ಲೂ ಫ್ರಿಜ್ ಇತ್ತು. ಕೇಳಲು ನಾಚಿಕೆಯಾಯಿತು. ಬೀದಿಯ ತುದಿಯ ತಂಪುಪಾನೀಯದ ಅಂಗಡಿಯ ಸಾಬರು ನನಗೆ ಅಣ್ಣನ ಹಾಗೆ ಇದ್ದವರು, ಕೇಳಿದ್ದರೆ ‘ತಗೊಂಬಾ ತಂಗಿ’ ಅಂದು ತಮ್ಮ ಫ್ರಿಜ್ಜಿನ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರಿಗೂ ಹೇಳಲಿಲ್ಲ. ತಮ್ಮನಿಗೆ ಫೋನು ಮಾಡಿ ‘ಬಂದು ಒಯ್ಯಿ’ ಎಂದಿದ್ದರೆ ಅವನು ಐಸ್ ಹೊತ್ತು ಓಡಿ ಬರುತ್ತಿದ್ದ. ಅದನ್ನೂ ಮಾಡಲಿಲ್ಲ. ಅತ್ತೆ ಬರುವ ಮೊದಲು ಡಬ್ಬಿಗಳು ಕಣ್ಣಿಗೆ ಬೀಳದಂತಾಗಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹಿತ್ತಲಿನಲ್ಲಿ ತಗಡು ಹೊದಿಸಿದ ಪತ್ರಾಸಿನ ಕೋಣೆಯಲ್ಲಿ ಜೋಳ ತುಂಬಿದ ತಗಡಿನ ಕಣಜ ಇದೆ. ಅದರ ಮುಚ್ಚಳ ತೆಗೆದು, ಮೊಳಕೈವರೆಗೆ ಕೈ ಇಳಿಸಿ, ಡಬ್ಬಿಗಳನ್ನು ಒಂದೊಂದಾಗಿ ಜೋಳದಲ್ಲಿ ಹೂತೆ.

ಇಲ್ಲಿ ಒಂದು ಮಾತು. ‘ನನಗೆ ಗೊತ್ತಿರಲಿಲ್ಲ’ ಎಂದು ನಾನು ಹೇಳಬಹುದಿತ್ತು. ಓದಿಲ್ಲದ ಹೆಂಗಸು, ತಿಳಿಯದೆ ಮಾಡಿದಳು ಎಂದು ಜನ ಒಪ್ಪಿಕೊಳ್ಳುತ್ತಿದ್ದರು. ಅದು ಸುಳ್ಳು. ನಮ್ಮ ಕಡೆ ದೋರುಗಾಯಿ ಸೀತಾಫಲ ಹಣ್ಣಾಗಬೇಕಾದರೆ ಎಲ್ಲಿ ಇಡುತ್ತೇವೆ? ಜೋಳದಲ್ಲೇ ಹೂಳುತ್ತೇವೆ. ಯಾಕೆ? ಜೋಳದ ಹೊಟ್ಟೆ ಬೆಚ್ಚಗಿರುತ್ತದೆ ಅಂತ. ವರ್ಷವರ್ಷವೂ ನನ್ನ ಕೈಯಾರೆ ಹೂತಿದ್ದೇನೆ, ಬೆಚ್ಚನೆಯ ಹಣ್ಣನ್ನು ನನ್ನ ಕೈಯಾರೆ ತೆಗೆದಿದ್ದೇನೆ. ಮೇಲೆ ಪತ್ರಾಸ್ ಬೇರೆ, ಮಳೆ ಬಿಟ್ಟು ಬಿಸಿಲು ಬಿದ್ದ ಆ ದಿನಗಳಲ್ಲಿ ಹಂಚಿನ ಹಾಗೆ ಕಾಯುತ್ತಿತ್ತು. ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ.

ಸೋಮವಾರ ಅಯ್ಯನವರು ಬಂದರು, ಪಾದಪೂಜೆಯಾಯಿತು, ಹೋಳಿಗೆ ಉಂಡು ಹೋದರು. ಸಂಜೆ ನಮ್ಮ ಮನೆಯವರು ಎಂದಿನಂತೆ ‘ದಣಿದು’ ಬಂದರು. ಅತ್ತೆ ಎಂದಿನಂತೆ ಊಟಕ್ಕೆ ನೀಡಿಸಿದರು.

ಮಂಗಳವಾರ ಮುಂಜಾನೆ ಅತ್ತೆ ಗುಡಿಗೆ ಹೋದದ್ದೇ ತಡ, ಕಣಜದಲ್ಲಿ ಕೈ ಹಾಕಿದೆ. ಡಬ್ಬಿಗಳು ಬೆಚ್ಚಗಿದ್ದವು, ಹೂತಿಟ್ಟ ಸೀತಾಫಲದಷ್ಟೇ ಬೆಚ್ಚಗೆ. ಅವಸರದಲ್ಲಿ ಸಿಕ್ಕಷ್ಟನ್ನು ತೆಗೆದು, ಒರೆಸಿ, ಐಸ್ ಹಿಡಿಯುವ ಮೇಲಿನ ಖಾನೆಗೆ ತುರುಕಿದೆ. ತಮ್ಮ ಬರುವಷ್ಟರಲ್ಲಿ ಮೈಮೇಲೆ ನೀರಹನಿ ಕಟ್ಟಿ ತಣ್ಣಗಾಗಿದ್ದವು. ಅವನು ಒಂದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದ.

“ಫ್ರಿಜ್‌ನ್ಯಾಗs ಇದ್ದುವಲ್ಲಕ್ಕಾ?”

“ಹೂಂ” ಎಂದೆ.

ಎಣಿಸಿದ. ಒಂದು ಕಡಿಮೆ ಬಂತು. ನನ್ನ ಕಣ್ಣು ಹಿತ್ತಲ ಕಡೆ ಹೋಯಿತು. ಅವನು ಮಾತ್ರ ಜೋರಾಗಿ ನಕ್ಕ. “ಮಾಮಾ ಒಂದ ಹಾರಿಸ್ಯಾರ!”

ನಮ್ಮ ಮನೆಯವರು ಹಲ್ಲುಜ್ಜುತ್ತಿದ್ದವರು ಅಂಗಳದಿಂದಲೇ ಕೂಗಿದರು. “ಏ ತಮ್ಮಾ, ದೇವರಾಣಿ ನಾ ಮುಟ್ಟಿಲ್ಲೋ! ನೀ ಇಟ್ಟದ್ದs ನನಗ ಗೊತ್ತಿಲ್ಲ. ಗೊತ್ತಿದ್ರ ಒಂದs ಹಾರತಿತ್ತೇನು?”

ಅವರು ಹೇಳಿದ್ದು ನಿಜ, ಯಾರೂ ನಂಬಲಿಲ್ಲ. ನಾನು ಹೇಳಿದ್ದು ಸುಳ್ಳು, ಎಲ್ಲರೂ ನಂಬಿದರು. ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವರೇ ಸಿಂದಗಿಗೆ ಹೋದರು. ಅಲ್ಲೂ ಪುಕ್ಕಟೆ ಸಿಗುತ್ತದೆ ಎಂಬ ಆಸೆ.

ಮಧ್ಯಾಹ್ನ ಇಬ್ಬರೂ ತಿರುಗಿ ಬಂದರು. ನಮ್ಮ ಮನೆಯವರು ಒಳಗೆ ಬರುತ್ತಲೇ ನಗಲು ಹತ್ತಿದರು. “ಮೊದಲನೇ ಗುಟುಕಿಗೆ ಮಾಲಕರ ಮಾರಿ ನೋಡಬೇಕಿತ್ತು ನೀನು! ಪುಳಕ್ಕನ ಹೂವಿನ ಕುಂಡದಾಗ ಉಗುಳಿಬಿಟ್ರು. ‘ಏನೋ ತಮ್ಮಾ, ಇದು ಬಿಯರೋ, ಎಮ್ಮಿ ಮೈ ತೊಳದ ನೀರೋ? ನನ್ನ ಗಿಡಾ ಸಾಯತೈತಿ’ ಅಂದ್ರು. ಅಲ್ಲಿದ್ದವರೆಲ್ಲಾ ಬಿದ್ದ ಬಿದ್ದ ನಕ್ರು.”

ಒಬ್ಬ ಮನುಷ್ಯನ ವರ್ಷಗಟ್ಟಲೆಯ ದುಡಿಮೆಯನ್ನು ಒಂದು ಗುಟುಕಿಗೆ ಉಗುಳುವ ಆ ಮಾಲೀಕರ ಮೇಲೆ ಸಿಟ್ಟು ಬಂತು. ನಗುವ ಗಂಡನ ಬಾಯಿಗೆ ಕೈಯಲ್ಲಿದ್ದ ಸೌಟಿನಿಂದ ಹೊಡೆಯಬೇಕೆನಿಸಿತು. ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದೆ.

ತಮ್ಮ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಉಳಿದಿದ್ದ ಒಂದು ಡಬ್ಬಿಯನ್ನು ತೆರೆದು ಬಟ್ಟಲಿಗೆ ಬಗ್ಗಿಸಿಕೊಂಡ. ಅವನ ಹಿಂದೆ ನಾಲ್ಕು ಹೆಜ್ಜೆಗೆ ಪತ್ರಾಸಿನ ಕೋಣೆ. ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದ, ನುಂಗಿದ, ಮತ್ತೆ ಮೂಸಿ ನೋಡಿದ.

“ತೊಯ್ದ ರಟ್ಟಿನ ವಾಸನಿ ಬರಾಕತ್ತೈತಿ. ಕಡೀಕ ಹುಳಿ. ಬೆಚ್ಚಗಾದ್ರ ಹಿಂಗ ಆಗತೈತಿ. ಆದ್ರ ನೀ ಫ್ರಿಜ್‌ನ್ಯಾಗs ಇಟ್ಟೀದಿ.” ಬಟ್ಟಲನ್ನು ಕಲ್ಲಿನ ಮೇಲೆ ಇಟ್ಟ. “ಅಂದ್ರ ಗಾಳಿ ಹೊಕ್ಕೈತಿ. ನನ್ನ ಸೀಲ್ ಸರಿ ಬಿದ್ದಿಲ್ಲ. ಎಲ್ಲಾ ಡಬ್ಬೀನೂ ಹಂಗs ಅಂದ್ರ ನನ್ನ ಕೈಯಾಗs ಏನೋ ಐಬ್ ಐತಿ ಯಕ್ಕಾ. ಮಂದಿಗೆ ಇಷ್ಟ ದಿನಾ ಇಂಥಾದ್ದs ಕೊಟ್ಟೇನೇನೋ.”

ಆಗ ಹೇಳಬೇಕಿತ್ತು. ‘ನಿನ್ನ ಕೈ ಸರಿ ಐತಿ, ನನ್ನ ಬುದ್ಧಿ ಕೆಟ್ಟೈತಿ’ ಎಂದು ಹೇಳಲು ಎಷ್ಟು ಉಸಿರು ಬೇಕು? ಅತ್ತೆ ಪಡಸಾಲೆಯಲ್ಲಿ ಕಾಳು ಆರಿಸುತ್ತ ಕೂತಿದ್ದರು. ಜೋಳದಲ್ಲಿ ಹೂತ ಮಾತು ಅವರ ಕಿವಿಗೆ ಬಿದ್ದೀತು ಎಂದು ಹೆದರಿದೆ. “ಚಾ ಮಾಡಲೇನು?” ಎಂದೆ. ಚಾ! ಆ ಮಾತು ನೆನೆದಾಗೆಲ್ಲ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಅವನು ಸಿಂದಗಿಯ ಕೆಲಸವನ್ನಷ್ಟೇ ಕಳೆದುಕೊಳ್ಳಲಿಲ್ಲ. ಬೆಂಗಳೂರಿಗೆ ಹೋಗಿ, ಡಬ್ಬಿ ಮುಚ್ಚುವ ಯಂತ್ರದ ಮುಂದೆ ನಿಲ್ಲಲು ಅವನಿಗೆ ಧೈರ್ಯವೇ ಬರಲಿಲ್ಲವಂತೆ. ಮುಚ್ಚಿದ್ದನ್ನು ಮತ್ತೆ ಮತ್ತೆ ತಿರುಗಿಸಿ ನೋಡುವುದು, ಸರಿಯಿಲ್ಲವೆಂದು ಚೆಲ್ಲುವುದು. ಕೊನೆಗೆ ತಾನಾಗಿಯೇ ಬಿಟ್ಟು ಬಂದ. ಮುದ್ದೇಬಿಹಾಳದಲ್ಲಿ ಅವನ ಹೆಂಡತಿಯ ತವರು. ಅಲ್ಲಿಯ ಮಾರುಕಟ್ಟೆ ಯಾರ್ಡಿನಲ್ಲಿ ಮೂಟೆ ಹೊರಲು ನಿಂತ. ಅಪ್ಪ ಖುಷಿಯಾದ. ‘ಈಗ ಮನಶ್ಯಾ ಆದಾ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಮಗ ಬಿಯರ್ ಮಾಡುತ್ತಿದ್ದಾಗ ಮುಚ್ಚಿಟ್ಟವನು, ಮಗ ಸೋತ ಮೇಲೆ ಡಂಗುರ ಹೊಡೆದ.

ಕಣಜದ ಜೋಳ ಇಳಿಯುತ್ತ ಇಳಿಯುತ್ತ ಬೇಸಿಗೆ ಬಂತು. ಒಂದು ದಿನ ಗಿರಣಿಗೆ ಜೋಳ ತೆಗೆಯಲು ಬಗ್ಗಿದಾಗ ಬೆರಳಿಗೆ ತಗಡು ತಾಗಿತು. ನಮ್ಮ ಮನೆಯವರು ‘ಹಾರಿಸಿದ’ ಡಬ್ಬಿ. ಎತ್ತಿ ನೋಡಿದೆ. ತಳವೂ ಮೇಲಿನ ಮುಚ್ಚಳವೂ ಹೊರಗೆ ಉಬ್ಬಿ, ಇಡೀ ಡಬ್ಬಿ ತುಂಬಿದ ಕೆಚ್ಚಲಿನ ಹಾಗೆ ಬಿಗಿದುಕೊಂಡಿತ್ತು. ಅಷ್ಟು ಕಾಲ ಅದು ಕತ್ತಲಲ್ಲಿ ಕೂತು ಸಿಟ್ಟಾಗಿತ್ತು. ತಿಪ್ಪೆಗೆ ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಏನs ಅದು?”

“ನನ್ನ ತಮ್ಮನ ಬಿಯರ್. ನಾನs ಇಲ್ಲಿ ಹೂತಿದ್ದೆ, ನಿಮಗ ಹೆದರಿ.”

“ಶಿವ ಶಿವಾ! ಉಣ್ಣೂ ಜೋಳದಾಗ? ಮೈಲಿಗಿ ಮಾಡಿದೆಲ್ಲs!”

“ಹೌದ್ರಿ ಅತ್ತಿ. ಹೊಟ್ಟಿನ ಚೀಲದ ಹಿಂದ ಇಟ್ಟಿದ್ರ ಮೈಲಿಗಿ ಆಗತಿರಲಿಲ್ಲ.”

ನಾನು ಡಬ್ಬಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎಲ್ಲಿ ಒಡೆಯುತ್ತದೋ ಎಂದು ಮಡಿಲಲ್ಲಿ ಹಿಡಿದುಕೊಂಡಿದ್ದೆ. ಕೂಸಿನ ಗತೆ ನೋಡಿಕೊಳ್ಳುತ್ತೇನೆ ಎಂದ ಮಾತನ್ನು ಆ ಬಸ್ಸಿನಲ್ಲಿ ನಡೆಸಿದೆ, ಯಾರಿಗೂ ಬೇಡವಾದ ಮೇಲೆ.

ಯಾರ್ಡಿನಲ್ಲಿ ಹಮಾಲರು ಬೇವಿನ ಗಿಡದ ಕೆಳಗೆ ಕೂತಿದ್ದರು. “ಬರ್ರಿ ಅಕ್ಕಾರ, ತಮ್ಮಗ ಬುತ್ತಿ ತಂದೀರೇನು? ನಮಗೂ ಒಂದ ತುತ್ತ ಇಡ್ರಿ” ಎಂದ ಒಬ್ಬ. ತಮ್ಮ ಹೆಗಲ ಮೇಲಿನ ಗೋಣಿ ಝಾಡಿಸುತ್ತ ಎದ್ದು ಬಂದ. ನಾನು ಅವನನ್ನು ಶೆಡ್ಡಿನ ಮಗ್ಗುಲಿಗೆ ಕರೆದು, ಅರಿವೆ ಬಿಚ್ಚಿ, ಡಬ್ಬಿಯನ್ನು ಅವನ ಕೈಯಲ್ಲಿಟ್ಟೆ.

“ಇದು ಜೋಳದಾಗ ಇತ್ತು. ಎಲ್ಲಾನೂ ಅಲ್ಲೇ ಇದ್ದುವು, ಐತವಾರದಿಂದ ಮಂಗಳವಾರ ಮುಂಜಾನಿಮಟ. ಅತ್ತಿಗೆ ಹೆದರಿ ಹೂತಿದ್ದೆ. ನೀ ಬರೂಮುಂದ ತಂಪ ಮಾಡಿ ಕೊಟ್ಟೆ.”

ಅವನು ನನ್ನ ಮುಖ ನೋಡಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದ. ಅಂಗೈಯಲ್ಲಿ ಉಬ್ಬನ್ನು ಒತ್ತಿದ. ಆಮೇಲೆ ಹೆಬ್ಬೆರಳಿನಿಂದ ಮುಚ್ಚಳದ ಅಂಚನ್ನು ಸುತ್ತಲೂ ಸವರಿದ, ಮತ್ತೊಮ್ಮೆ ಸವರಿದ. ಒಂದು ಹನಿಯೂ ಸೋರಿರಲಿಲ್ಲ. ಒಳಗಿನದು ಅಷ್ಟು ಕುದಿದು ಉಬ್ಬಿದ್ದರೂ ಅಂಚು ಎಲ್ಲಿಯೂ ಬಿಟ್ಟಿರಲಿಲ್ಲ.

“ಸೀಲ್ ಹಿಡದೈತಿ” ಎಂದ, ತನಗೆ ತಾನೇ.

“ಹಿಡದೈತೋ. ನಿನ್ನ ಕೈಯಾಗ ಏನೂ ಐಬ್ ಇಲ್ಲ.”

ಆಗ ನನ್ನ ಕಡೆ ತಿರುಗಿದ. ಅಂಥ ಮುಖ ನಾನು ಅವನಲ್ಲಿ ಕಂಡಿರಲಿಲ್ಲ. “ಹೂತದ್ದು ಹೋಗಲಿ. ನಾ ಆ ಕಲ್ಲಿನ ಮ್ಯಾಲ ಕುಂತು ನನ್ನ ಕೈಗೆ ನಾನs ಬೈಕೋಳಾಕತ್ತಿದ್ನಿ. ನೀ ಚಾ ಮಾಡಲೇನು ಅಂದಿ. ನೀ ನನ್ನ ಒಡಹುಟ್ಟಿದಾಕಿ ಏನು?”

ಅವನು ಕೈಯೆತ್ತಿ ಗೇಟಿನ ಕಡೆ ತೋರಿಸಿದ.

“ನಡಿ, ಬಸ್ ತಪ್ಪತೈತಿ. ಮನಿಗೆ ಬಾ ಅನ್ನೂದಿಲ್ಲ ನಾ.”

ನಾನು ಡಬ್ಬಿಗೆ ಕೈ ಚಾಚಿದೆ. ಅವನು ಕೊಡಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ನೋಡಿದೆ. ಹಮಾಲರು ಅವನನ್ನು ಏನೋ ಕೇಳುತ್ತಿದ್ದರು, ಅವನು ಬೈಯುತ್ತಿದ್ದ. ನನ್ನನ್ನೇ ಇರಬೇಕು. ಬೈಯುತ್ತಲೇ ಬೇವಿನ ಬುಡಕ್ಕೆ ಹೋಗಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಹಿಂದೆ, ಬಿಸಿಲು ತಾಗದ ಕಡೆ, ಆ ಕೆಟ್ಟುಹೋದ ಡಬ್ಬಿಯನ್ನು ಮೆಲ್ಲಗೆ ಇಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿದ.