ಬೆಂಕಿ ಅಟ್ಟದ ಏಣಿ

ಮಕ್ಕಳೇ, ಮೊನ್ನೆ ನೀವು ಪಡೀಲಿನ ಆಚೆಗಿನ ಗುಡ್ಡ ಹತ್ತಿ ಬಂದು, ಅಲ್ಲಿ ಮುರಕಲ್ಲಿನಲ್ಲಿ ತೋಡಿದ ಗುಂಡಿಗಳನ್ನು ಕಂಡೆವು, ಅವು ಯುದ್ಧದ ಕಾಲದಲ್ಲಿ ವಿಮಾನ ನೋಡಲು ಕಟ್ಟಿದ ಅಟ್ಟದವಂತೆ ಎಂದು ನನಗೇ ಹೇಳಿದಿರಿ. ನಿಮಗೆ ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ. ಅದು ಕಾಡಿಗೆ ಬೆಂಕಿ ಬಿದ್ದೀತೆಂದು ಕಾಯುವ ಅಟ್ಟ. ಯುದ್ಧಕ್ಕಿಂತ ಎಷ್ಟೋ ವರ್ಷ ಮೊದಲಿನದು. ಯುದ್ಧ ಬಂದಾಗ ಗುಡ್ಡದ ಮರಗಳನ್ನೆಲ್ಲ ಕಡಿದು ಸಾಗಿಸಿದರು. ಕಾಯಲು ಕಾಡೇ ಇಲ್ಲವಾದ ಮೇಲೆ ಅಟ್ಟದ ಕಂಬಗಳನ್ನೂ ಅದೇ ಗಾಡಿಗೆ ಹೇರಿದರು. ಅಲ್ಲಿಯವರೆಗೆ ಅದರ ಮೇಲೆ ಕುಳಿತು ಕಾದವಳು ನಾನು. ನಿಮ್ಮ ಮುಂದೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಐಗಳ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಆ ಗುಡ್ಡ ಆಗ ಸರಕಾರದ ಕಾಡು. ಮೇಲೆ ಬೋಗಿ ಮರಗಳು, ಇಳಿಜಾರಿನಲ್ಲಿ ಆಳೆತ್ತರದ ಮುಳಿಹುಲ್ಲು. ಬೇಸಗೆ ಬಂತೆಂದರೆ ಹುಲ್ಲು ಒಣಗಿ ಮುಟ್ಟಿದರೆ ಮುರಿಯುವಂತಾಗುತ್ತಿತ್ತು. ಕೆಳಗೆ ರೈಲು ಹೋಗುತ್ತಿತ್ತು. ಇಂಜಿನಿನಿಂದ ಒಂದು ಕಿಡಿ ಹಾರಿದರೆ ಸಾಕು. ಅದಕ್ಕೆಂದೇ ಕಾಡಿನ ಇಲಾಖೆಯವರು ಬೋಗಿ ಮರದ ಕಂಬ ನೆಟ್ಟು ಅಟ್ಟ ಕಟ್ಟಿಸಿದರು. ಮೊದಲಿಗೆ ಅದಕ್ಕೆ ಮುಳಿಹುಲ್ಲಿನ ಮಾಡನ್ನೇ ಹೊದೆಸಿದ್ದರಂತೆ. ಬೆಂಕಿ ಕಾಯುವವನ ತಲೆಯ ಮೇಲೆ ಒಣಹುಲ್ಲು! ಊರವರು ನಕ್ಕದ್ದು ಇಲಾಖೆಯ ಕಿವಿಗೆ ಬಿದ್ದು ಮರುವರ್ಷ ಹೆಂಚು ಬಂತು. ನಮ್ಮಲ್ಲಿ ಹೆಂಚಿಗೇನು ಬರ? ಅಟ್ಟದ ಮೇಲಿಂದ ನೋಡಿದರೆ ಹೊಳೆಯುದ್ದಕ್ಕೂ ಹೆಂಚಿನ ಕಾರ್ಖಾನೆಗಳ ಹೊಗೆಕೊಳವೆಗಳೇ. ಅವುಗಳಾಚೆ ಕಡಲು. ಬೆಳಿಗ್ಗೆ ಮಂಜಿಲ್ಲದಿದ್ದರೆ ನನ್ನ ತಾಯಿಮನೆ ಇದ್ದ ಬೆಂಗ್ರೆಯ ತೆಂಗಿನ ತಲೆಗಳೂ ಕಾಣುತ್ತಿದ್ದವು.

ಗುಡ್ಡದ ಬುಡದ ಮನೆಗಳವರಿಗೆ ಕಾಡಿನಿಂದ ಸೊಪ್ಪು, ಹುಲ್ಲು ತರಲು ಬಿಡುತ್ತಿದ್ದರು. ಅದಕ್ಕೆ ಬದಲಾಗಿ, ಬೆಂಕಿ ಬಿದ್ದಾಗ ಅವರು ಹಸಿಗೆಲ್ಲು ಹಿಡಿದು ಬಂದು ಬಡಿದು ನಂದಿಸಬೇಕು. ಹೊಗೆ ಕಂಡ ಕೂಡಲೇ ಅಟ್ಟದವನು ಜಾಗಟೆ ಬಡಿದು, ಕೆಂಪು ಬಟ್ಟೆ ಕಟ್ಟಿದ ಉದ್ದದ ಗಳುವನ್ನು ಬೀಸಿ, ಎಲ್ಲಿಗೆ ಓಡಬೇಕೆಂದು ತೋರಿಸಬೇಕು.

ನಿಮ್ಮ ಅಜ್ಜನೂ ನನ್ನ ಹಾಗೆ ಮೀನು ಹಿಡಿಯುವ ಮನೆಯವರು. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಬಿಡುವಾಗ ದಡದ ದಿಬ್ಬದಲ್ಲಿ ನಿಂತು, ನೀರಿನ ಬಣ್ಣ ನೋಡಿ ಬೂತಾಯಿ ಮೀನಿನ ಹಿಂಡು ಎಲ್ಲಿದೆಯೆಂದು ಗುರುತಿಸಿ, ಬಟ್ಟೆ ಬೀಸಿ ದೋಣಿ ನಡೆಸುತ್ತಿದ್ದವರು. ಆ ಕಣ್ಣಿನ ಸುದ್ದಿ ಕೇಳಿಯೇ ಇಲಾಖೆಯವರು ಅವರನ್ನು ಗುಡ್ಡಕ್ಕೆ ಕರೆದದ್ದು. ಮೊದಲ ಬೇಸಗೆಯಲ್ಲೇ ಎಡವಟ್ಟಾಯಿತು. ರಂಪಣಿಯಲ್ಲಿ ಬಟ್ಟೆಯನ್ನು ಮೀನಿನ ಕಡೆಗೆ ಬೀಸುವುದಿಲ್ಲ. ಹಿಂಡಿನ ಆಚೆಗೆ ಬೀಸುತ್ತಾರೆ, ದೋಣಿ ಹೊರಗಿನಿಂದ ಸುತ್ತಿ ಬರಲಿ ಎಂದು. ಬೆಂಕಿ ಕಂಡಾಗ ಇವರ ಕೈ ತಾನಾಗಿ ಹಾಗೆಯೇ ಹೋಯಿತು, ಬೆಂಕಿಯ ಆಚೆಗೆ. ಜನ ಗೆಲ್ಲು ಹಿಡಿದು ಆಚೆಯ ಕಣಿವೆಗೆ ಓಡಿದರು. ಅಲ್ಲಿ ಬೆಂಕಿ ಇರಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಇಳಿಜಾರಿನ ಹುಲ್ಲೆಲ್ಲ ಬೂದಿ. ಆ ವರ್ಷ ಬುಡದ ಮನೆಗಳವರಿಗೆ ಮಾಡಿಗೆ ಹೊದೆಸಲು ಹುಲ್ಲಿರಲಿಲ್ಲ, ತೆಂಗಿನ ಮಡಲು ಹೊದೆಸಿ ಮಳೆಗಾಲ ಕಳೆದರು. "ಬೂತಾಯಿ ಎಷ್ಟು ಸಿಕ್ಕಿತು ಮಾರಾಯ್ರೇ?" ಎಂದು ದಾರಿಯಲ್ಲಿ ಕಂಡವರೆಲ್ಲ ನಿಮ್ಮ ಅಜ್ಜನನ್ನು ಕೇಳುವವರೇ.

ಅವರು ಕೈ ತಿದ್ದಿಕೊಳ್ಳಲು ಬಹಳ ನೋಡಿದರು. ಆಗಲಿಲ್ಲ. ಅವಸರದಲ್ಲಿ ಕೈ ಆಚೆಗೇ ಹೋಗುತ್ತಿತ್ತು. ಕೊನೆಗೆ ಗಳುವನ್ನು ನನ್ನ ಕೈಗೆ ಕೊಟ್ಟರು. ಮೀನಿಗೆ ಬಟ್ಟೆ ಬೀಸುವುದು ಗಂಡಸರ ಕೆಲಸ, ನಾನು ಬೀಸಿದವಳೇ ಅಲ್ಲ. ಹಾಗಾಗಿ ಬೆಂಕಿ ಎಲ್ಲಿದೆಯೋ ಅಲ್ಲಿಗೇ ನನ್ನ ಕೈ ಹೋಗುತ್ತಿತ್ತು. ಅವರು ನೋಡುವುದು, ನಾನು ಬೀಸುವುದು. ಹೀಗೆ ಹಲವು ಬೇಸಗೆ ನಡೆಯಿತು. ಅಷ್ಟರಲ್ಲಿ ನನ್ನ ಕಣ್ಣೂ ಕಲಿಯಿತು.

ಒಂದು ಮಳೆಗಾಲದಲ್ಲಿ ಚಳಿಜ್ವರ ಬಂದು ಅವರು ಹೋದರು. ಅದನ್ನು ಹೆಚ್ಚು ಬರೆಯಲಾರೆ.

ಹುಲ್ಲು ಒಣಗಲು ಶುರುವಾದಾಗ ಕಾಡಿನ ಇಲಾಖೆಯ ಗಾರ್ಡು ಬಂದು, ಹೊಸ ಕಾವಲುಗಾರನನ್ನು ಕರೆತರುತ್ತೇನೆ, ಕಾವಲಿನವರಿಗೆಂದು ಕೊಟ್ಟ ಗುಡಿಸಲು ಬಿಟ್ಟುಕೊಡಿ ಎಂದು ಹೇಳಿ ಹೋದ. ಸುದ್ದಿ ಬೆಂಗ್ರೆಗೂ ಮುಟ್ಟಿತು. ನನ್ನ ಸೋದರಮಾವ ಅಲ್ಲಿಯ ಗುರಿಕಾರರು, ನಮ್ಮವರಿಗೆ ಹಿರಿಯರು. ಅವರು ನನ್ನನ್ನು ಕರೆದುಕೊಂಡು ಹೋಗಲು ಬರುವುದೆಂದಾಯಿತು. ನಮ್ಮಲ್ಲಿ ಗಂಡ ಹೋದವಳು ತಾಯಿಮನೆಗೆ ಬಂದರೆ ಅದು ಯಾರ ದಯೆಯೂ ಅಲ್ಲ, ಅವಳ ಹಕ್ಕು. ನಿಮ್ಮ ಅಮ್ಮ ಆಗಲೇ ಅಲ್ಲಿ ನನ್ನ ತಾಯಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದಳು. ಆದರೆ ಅಲ್ಲಿ ಹೋದರೆ ನಾನು ಮೀನಿನ ಬುಟ್ಟಿ ಹೊರಬೇಕು. ಮದುವೆಗೆ ಮೊದಲು ಹೊತ್ತಿದ್ದೆ. ಅಕ್ಕಂದಿರು ಹಂಪನಕಟ್ಟೆಯ ಬೀದಿಗಳಲ್ಲಿ ಕೂಗಿ, ಬೈದು, ನಗಿಸಿ, ಬುಟ್ಟಿ ಬರಿದು ಮಾಡಿ ಬರುವಾಗ, ನಾನು ಒಂದೇ ಜಗಲಿಯ ಎದುರು ಯಾರಾದರೂ ಹೊರಗೆ ಬಂದಾರೆಂದು ನಿಂತೇ ಇರುತ್ತಿದ್ದೆ. ಅಟ್ಟದ ಮೇಲೆ ಹಾಗಲ್ಲ. ಅಲ್ಲಿ ನಾನು ಬಾಯಿ ತೆರೆಯದೆಯೇ ಇಡೀ ಊರು ಓಡಿ ಬರುತ್ತಿತ್ತು. ನನಗೆ ಆ ಕೆಲಸ ಬೇಕಿತ್ತು. ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ.

ವಾದ ಮಾಡಲು ನನಗೆ ಬರುತ್ತಿರಲಿಲ್ಲ. ಏಣಿ ಎಳೆದುಕೊಳ್ಳಲು ಬಂತು. ಅವರೆಲ್ಲ ಬರುವ ದಿನ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ನೀರಿನ ಕೊಡ ಮೇಲೆ ಸಾಗಿಸಿ, ನಾನೂ ಹತ್ತಿ, ಅಟ್ಟಕ್ಕಿದ್ದ ಒಂದೇ ಬಿದಿರೇಣಿಯನ್ನು ಮೇಲಕ್ಕೆ ಎಳೆದುಕೊಂಡು ಕುಳಿತೆ.

"ಎಂತ ಇದು, ಏಣಿ ಎಲ್ಲಿ?" ಗಾರ್ಡು ಕಂಬಗಳಿಗೆ ಒಂದು ಸುತ್ತು ಬಂದ. ತಲೆ ಎತ್ತಿದಾಗ ಅವನಿಗೆ ನಾನು ಕಂಡೆ. "ಹೋಯ್, ಇಳಿಯಿರಿ ಮಾರಾಯ್ತಿ! ಸರಕಾರದ ಅಟ್ಟ ಇದು, ನಿಮ್ಮ ಮನೆಯ ಸೌದೆ ಅಟ್ಟ ಅಲ್ಲ!"

ನಾನು ಏಣಿಯನ್ನು ಇನ್ನಷ್ಟು ಒಳಕ್ಕೆ ಸರಿಸಿದೆ. ಅವನೊಡನೆ ಬಂದಿದ್ದ ಹೊಸ ಕಾವಲುಗಾರ ಗೇರುಮರದ ಬುಡದಲ್ಲಿ ಹೆಗಲ ಬೈರಾಸು ಹಾಸಿ ಕುಳಿತ. "ನನಗೆ ಎಂತ ಅವಸರ ಇಲ್ಲ. ನೆರಳು ಉಂಟು," ಎಂದ.

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. "ಮಗಾ, ಎಂತ ಹಟ ಇದು? ನಮ್ಮ ಮನೆಯಲ್ಲಿ ಅನ್ನ ಇಲ್ಲವಾ?"

"ಉಂಟು ಮಾವ."

"ಮತ್ತೆಂತ? ಮಗಳು ಅಲ್ಲಿ, ನೀನು ಇಲ್ಲಿ ಮಂಗನ ಹಾಗೆ ಮೇಲೆ!"

"ಅಲ್ಲಿ ಬಂದರೆ ಬುಟ್ಟಿ ಹೊರಬೇಕು. ನನಗೆ ಕೂಗಲಿಕ್ಕೆ ಬರುವುದಿಲ್ಲ."

"ಈಗ ಇಡೀ ಗುಡ್ಡಕ್ಕೆ ಕೇಳ್ತದಲ್ಲ ನಿನ್ನ ಕೂಗು!"

ಹೊಸಬ ಗೇರುಮರದಡಿಯಲ್ಲಿ ನಕ್ಕ. ನನಗೂ ನಗು ಬಂತು, ನುಂಗಿಕೊಂಡೆ.

"ಹೆಂಗಸರನ್ನು ಕಾವಲಿಗೆ ಇಡುವ ಕ್ರಮ ನಮ್ಮಲ್ಲಿ ಇಲ್ಲ," ಎಂದ ಗಾರ್ಡು.

"ಇಷ್ಟು ವರ್ಷ ಬಟ್ಟೆ ಬೀಸಿದ್ದು ಯಾರು?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

"ಅದು ಅವರ ಹೆಸರಲ್ಲಿ ಅಲ್ಲವಾ?"

"ಹೆಸರು ಅವರದು. ಕೈ ನನ್ನದು."

ಆ ಹೊತ್ತಿಗೆ ಗುಡ್ಡದ ಬುಡದಲ್ಲಿದ್ದ ಗುತ್ತಿನ ದೊಡ್ಡಮನೆಯ ಅಮ್ಮ ಹುಲ್ಲು ಕೊಯ್ಯುವ ಹೆಂಗಸರನ್ನು ಕರೆದುಕೊಂಡು ಬಂದರು. ಅವರ ಮನೆಯ ಆಳುಗಳೇ ಬೆಂಕಿಗೆ ಮೊದಲು ಓಡುವವರು.

"ಎಂತ ಗಾರ್ಡರೇ, ಬೆಳಿಗ್ಗೆಯೇ ಪಂಚಾತಿಗೆ?" ಎಂದರು. ಗಾರ್ಡು ವಿಷಯ ಹೇಳಿದ. ಅವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ನೋಡಿ, ಒಮ್ಮೆ ಇವಳ ಗಂಡನ ಕೈ ನಂಬಿ ಓಡಿ, ಹುಲ್ಲು ಕಳೆದುಕೊಂಡು, ಮಡಲಿನ ಅಡಿಯಲ್ಲಿ ಮಳೆಗಾಲ ಕಳೆದವರು ನಾವು. ಆಮೇಲೆ ಈ ಕೈ ನಮ್ಮನ್ನು ತಪ್ಪು ದಾರಿಗೆ ಹಾಕಲಿಲ್ಲ. ಹೊಸ ಕೈ ಬೀಸಿದರೆ ನಮ್ಮ ಆಳುಗಳು ಅಂಗಳದಲ್ಲಿ ನಿಂತು ನೋಡ್ತಾರೆ. ಗೆಲ್ಲು ಹಿಡಿದು ನೀವೇ ಓಡಿ."

ಗಾರ್ಡು ತನ್ನ ಹೊಟ್ಟೆ ನೋಡಿಕೊಂಡ, ಇಳಿಜಾರು ನೋಡಿದ. ಟೊಪ್ಪಿ ತೆಗೆದು ಬೆವರು ಒರೆಸಿಕೊಂಡ. "ಹಾಗಾದರೆ ಹೆಸರು ಗಂಡಸಿನದು ಬೇಕು. ಗುರಿಕಾರ್ರೇ, ನಿಮ್ಮದು ಹಾಕುವಾ?"

"ನನ್ನದಾ? ಕಡಲಲ್ಲಿ ಇರುವವ ನಾನು. ಗುಡ್ಡದಲ್ಲಿ ಎಂತ ಕಾಯುವುದು?"

"ನೀವು ಕಾಯುವುದು ಬೇಡ. ಹೆಸರು ಇದ್ದರೆ ಸಾಕು."

ಮಾವ ಕಡಲಿನ ಕಡೆಗೆ ತಿರುಗಿದರು. ಸಿಟ್ಟು ಇಳಿದಿರಲಿಲ್ಲ. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. "ಮಗಾ, ಅಲ್ಲಿಂದ ಅಳಿವೆಬಾಗಿಲು ಕಾಣ್ತದಾ?"

"ಕಾಣ್ತದೆ ಮಾವ."

"ನಮ್ಮ ದೋಣಿಗಳು?"

"ಚುಕ್ಕೆಯ ಹಾಗೆ."

"ಇರು ಹಾಗಾದರೆ," ಎಂದರು. "ವಿಷುವಿಗೆ ಬಾರದೆ ಕೂತರೆ ನಾನೇ ಬಂದು ಕಂಬ ಕಡಿಯುತ್ತೇನೆ."

ನಾನು ಏಣಿ ಇಳಿಸಿದೆ. ಹೊಸಬನಿಗೆ ಗುಡ್ಡದ ಸುತ್ತ ಹುಲ್ಲು ಸವರಿ ಬೆಂಕಿಗೆರೆ ಬಿಡಿಸುವ ಕೆಲಸ ಸಿಕ್ಕಿತು. ಅವನು ಸಮಾಧಾನದಲ್ಲಿಯೇ ಇದ್ದ.

ಆ ಬೇಸಗೆಯ ಮೊದಲ ಹೊಗೆ ರೈಲು ಹಳಿಯ ಹತ್ತಿರ ಎದ್ದಿತು. ಪಕ್ಕದಲ್ಲಿ "ಅಗೋ" ಎನ್ನುವವರು ಇರಲಿಲ್ಲ. ನಾನೇ ನೋಡಿದೆ, ನಾನೇ ಜಾಗಟೆ ಬಡಿದೆ, ನಾನೇ ಬೀಸಿದೆ. ಜನ ನೇರ ಅಲ್ಲಿಗೇ ಓಡಿದರು.

ಆದರೆ ಗಾರ್ಡಿಗೆ ಒಂದು ತಮಾಷೆ ಅಂಟಿಕೊಂಡಿತು. ಬಂದಾಗಲೆಲ್ಲ ಕೆಳಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಗುರಿಕಾರ್ರೇ, ಹೊಗೆ ಉಂಟಾ?" ಎನ್ನುತ್ತಿದ್ದ. ಕಾವಲಿಗೆ ಇದ್ದದ್ದು ಮಾವನ ಹೆಸರಲ್ಲವೇ. ಹುಲ್ಲು ಕೊಯ್ಯುವವರು ನಗುತ್ತಿದ್ದರು. ನಾನು ಉತ್ತರ ಕೊಡಲಿಲ್ಲ. ಕೊಡದಿರುವುದು ನನಗೆ ಕಷ್ಟವೇ ಅಲ್ಲ, ಹುಟ್ಟಿನಿಂದ ಬಂದ ವಿದ್ಯೆ. ಉತ್ತರ ಸಿಗದ ಮೇಲೆ ಅವನೇ ಏಣಿ ಹತ್ತಿ ಬಂದು ನೋಡಿ ಹೋಗಬೇಕಾಗುತ್ತಿತ್ತು. ಅವನ ಭಾರಕ್ಕೆ ಬಿದಿರು ಕಿರುಗುಡುತ್ತಿತ್ತು. ಮೇಲೆ ಬಂದಾಗ ನೀರು ಕೊಡುತ್ತಿದ್ದೆ, ಮಾತು ಕೊಡುತ್ತಿರಲಿಲ್ಲ.

ಸುಡುಬಿಸಿಲಿನ ಒಂದು ಮಧ್ಯಾಹ್ನ ಅವನು ಬಂದು ಏಣಿಯ ಬುಡದಲ್ಲಿ ನಿಂತ. ಮೇಲೆ ನೋಡಿದ. ಏಣಿಗೆ ಕೈ ಇಟ್ಟ, ತೆಗೆದ.

"ಅಕ್ಕಾ," ಎಂದ, "ಹೊಗೆ ಉಂಟಾ?"

"ಇಲ್ಲ," ಎಂದೆ.