ಬೋಲ್ಟೋ, ಕ್ಲಚ್ಚೋ

ಚಿಕ್ಕಮಗಳೂರಿನ ಅಂಗಡಿಯವರು ಕೇಳಿದ್ದು ಸುಲಭದ ಪ್ರಶ್ನೆ. "ಬ್ರಷ್ ಕಟರ್ ಆಯ್ತು ಸರ್. ಶಾಫ್ಟ್ ಯಾವ್ದು ಹಾಕ್ಲಿ, ಬೋಲ್ಟಿಂದೋ ಕ್ಲಚ್ಚಿಂದೋ?" ಹುಟ್ಟಿದಾಗಿನಿಂದ ತೋಟದಲ್ಲೇ ಇರುವವನು ನಾನು, ಆದರೂ ಯಾವುದೆಂದು ತೋಚಲಿಲ್ಲ. ಇಂಥದಕ್ಕೆಲ್ಲ ಉತ್ತರ ಹೇಳುತ್ತಿದ್ದವನು ನನ್ನ ಡ್ರೈವರ್. ಅವನು ನನ್ನನ್ನು ಬಿಟ್ಟು ಹೋಗಿ ಎಂಟು ವರ್ಷವಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಈ ಯಂತ್ರ ಪೊದೆ, ಜರಿಗಿಡ, ಲಂಟಾನವನ್ನೆಲ್ಲ ಕೊಚ್ಚಿ ಹಾಕುತ್ತದೆ. ಟ್ರ್ಯಾಕ್ಟರಿನ ತಾಕತ್ತನ್ನು ಬ್ಲೇಡಿಗೆ ಮುಟ್ಟಿಸುವುದು ನಡುವೆ ತಿರುಗುವ ಒಂದು ಶಾಫ್ಟು. ಬ್ಲೇಡು ಕಲ್ಲಿಗೋ ಮರದ ಬೊಡ್ಡೆಗೋ ಬಡಿದು ಗಕ್ಕನೆ ನಿಂತರೆ ಆ ತಾಕತ್ತಿಗೆ ಎಲ್ಲಾದರೂ ದಾರಿ ಬೇಕು, ಇಲ್ಲದಿದ್ದರೆ ಗೇರ್ ಬಾಕ್ಸ್ ಒಡೆಯುತ್ತದೆ. ಶಾಫ್ಟಿನಲ್ಲಿ ಮೆತ್ತನೆಯ ಬೋಲ್ಟಿದ್ದರೆ ಅದು ತುಂಡಾಗಿ ಉಳಿದದ್ದನ್ನು ಕಾಪಾಡುತ್ತದೆ. ಇಳಿದು ಬೇರೆ ಬೋಲ್ಟು ಹಾಕಬೇಕು. ಸ್ಪ್ರಿಂಗ್ ಬಿಗಿದ ಪ್ಲೇಟುಗಳ ಕ್ಲಚ್ಚಿದ್ದರೆ ಅದು ಜಾರಿಕೊಳ್ಳುತ್ತದೆ; ಇಳಿಯುವ ಕೆಲಸವೇ ಇಲ್ಲ.

ನಮ್ಮ ಹಳೆಯದಕ್ಕೆ ಇದ್ದದ್ದು ಬೋಲ್ಟು. ಬಾಳೂರಿನ ಕಡೆ ನಮ್ಮ ತೋಟ. ಕಾಫಿ ಗಿಡಗಳ ನಡುವೆ ಟ್ರ್ಯಾಕ್ಟರ್ ಹೋಗುವುದಿಲ್ಲ. ರಸ್ತೆಯ ಅಂಚು, ಉಳುಮೆಯಿಲ್ಲದೆ ಹಡ್ಲು ಬಿದ್ದ ಗದ್ದೆ, ಅಷ್ಟೇ ಅದರ ರಾಜ್ಯ. ದಿನಕ್ಕೆ ಮೂರು ಬೋಲ್ಟಾದರೂ ಹೋಗುತ್ತಿತ್ತು. ಕಣದಲ್ಲಿ ನಿಂತ ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಜೇಬಿಗೆ ಬೋಲ್ಟು ಹಾಕಿಕೊಂಡು ಇಳಿಜಾರಿನಲ್ಲಿ ನಡೆದು ಹೋಗುತ್ತಿದ್ದೆ. ಅವನು ಟೂಲ್ ಬಾಕ್ಸಿನಲ್ಲೇ ಹತ್ತು ಬೋಲ್ಟು ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳುತ್ತಿರಲಿಲ್ಲ, ಇಟ್ಟುಕೋ ಅಂತ ನಾನೂ ಹೇಳಿದವನಲ್ಲ.

ಸೀಟಿನ ಮೇಲೆ ಕೂತರೆ ಅವನು ಮೂಗ. ಇಳಿದು ಬೋಲ್ಟು ತಿರುಗಿಸುವಾಗ ಮಾತ್ರ ಮಾತು ಬರುತ್ತಿತ್ತು. ಹಳ್ಳದ ಹತ್ತಿರ ಕಂಡ ಆನೆ ಹೆಜ್ಜೆ, ಮಗಳ ಪರೀಕ್ಷೆ, ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಿದ್ದೀತು, ಎಲ್ಲ. ನನಗಿಂತ ಎರಡು ವರ್ಷ ದೊಡ್ಡವನು, ಆದರೂ ನನ್ನನ್ನು ಅಣ್ಣ ಅನ್ನುತ್ತಿದ್ದ. "ಅಣ್ಣಾ, ನಿಮ್ ಸಿಟ್ಟಿಗೂ ಒಂದ್ ಬೋಲ್ಟ್ ಇಟ್ಟಿದ್ರೆ ಚೆನ್ನಾಗಿರ್ತಿತ್ತು ನೋಡಿ" ಅಂತ ಚುಡಾಯಿಸುತ್ತಿದ್ದ. "ಸುಮ್ನೆ ಬಿಗಿ ಮಾಡ್ ಮಾರಾಯ" ಅನ್ನುತ್ತಿದ್ದೆ. ಎಲೆ ಅಡಿಕೆ ಹಾಕಿಕೊಂಡು ಇಬ್ಬರೂ ಅಲ್ಲೇ ರಸ್ತೆಯಂಚಿನ ಮಣ್ಣಿನ ದರೆಯ ಮೇಲೆ ಕೂರುತ್ತಿದ್ದೆವು. ಆ ಹತ್ತು ನಿಮಿಷ ಎಷ್ಟು ಸುಖವಾಗಿತ್ತು ಎಂದು ಆಗ ಅನ್ನಿಸಲಿಲ್ಲ. ಈಗ ಬೇಕು ಅನ್ನಿಸುತ್ತದೆ.

ಒಂದು ವರ್ಷ ನನಗೇ ಅವಸರ ಹತ್ತಿತು. ಕೊಯ್ಲಿಗೆ ಮುಂಚೆ ರಸ್ತೆ ಬಿಡಿಸಬೇಕು, ಇವನು ನೋಡಿದರೆ ನಿಂತು ನಿಂತು ಹೊಡೆಯುತ್ತಾನೆ ಎಂದು ಮಳೆಗಾಲಕ್ಕೆ ಮುಂಚೆಯೇ ಕ್ಲಚ್ಚಿನ ಶಾಫ್ಟ್ ತಂದೆ. ಅವನು ಅದನ್ನು ಸುತ್ತಲೂ ತಿರುಗಿಸಿ ನೋಡಿದ. "ಒಳ್ಳೇದೇ ಅಣ್ಣಾ. ಆದ್ರೆ ನಮ್ ಮಳೆಗೆ ಪ್ಲೇಟ್ ತುಕ್ಕು ಹಿಡ್ದು ಅಂಟ್ಕಳ್ತದೆ. ಮಳೆಗಾಲ ಮುಗಿದ್ಮೇಲೆ ಸ್ಪ್ರಿಂಗ್ ಸಡ್ಲ ಮಾಡಿ ಒಂದ್ಸಲ ಜಾರಿಸ್ಬೇಕು. ಆಮೇಲೆ ಬಿಗಿ ಮಾಡಿ ಹೊಡೀಬೇಕು."

ಮಳೆಗಾಲವಿಡೀ ಅದು ಶೆಡ್ಡಿನಲ್ಲಿತ್ತು. ಮಳೆ ಬಿಟ್ಟ ವಾರ ಅವನು ಪ್ಲೇಟು ಸಡಿಲಿಸಿ ಜಾರಿಸಲು ಅರ್ಧ ದಿನ ಕೇಳಿದ. ನಾನು ಕೊಡಲಿಲ್ಲ. "ಮೊನ್ನೆ ಮೊನ್ನೆ ತಂದಿದ್ದು, ಅದಕ್ಕೇನಾಗಿದೆ? ಇವತ್ತೇ ಹೊಡಿ" ಅಂದೆ. ಅವನು ಹೊಡೆದ. ಹುಲ್ಲಿನೊಳಗೆ ಮುಚ್ಚಿಹೋಗಿದ್ದ ಸಿಲ್ವರ್ ಓಕ್ ಬೊಡ್ಡೆಗೆ ಬ್ಲೇಡು ಬಡಿಯಿತು. ಕ್ಲಚ್ಚು ಜಾರಲಿಲ್ಲ. ಗೇರ್ ಬಾಕ್ಸ್ ಇಬ್ಭಾಗವಾಗಿ ಎಣ್ಣೆ ನೆಲಕ್ಕೆ ಸುರಿಯಿತು.

ರಸ್ತೆಯ ಪಕ್ಕದಲ್ಲಿ ಚರಂಡಿ ಬಿಡಿಸುತ್ತಿದ್ದ ಆಳುಗಳೆಲ್ಲ ಬಂದು ಸೇರಿದರು. ಅವನ ಹೆಂಡತಿಯೂ ಅವರಲ್ಲಿದ್ದಳು. ಅಷ್ಟೂ ಜನರ ಮುಂದೆ ನಾನು ಕೂಗಾಡಿದೆ. "ಕಣ್ಣು ಎಲ್ಲಿಟ್ಟಿದ್ದೆ? ನೋಡ್ಕಂಡು ಓಡ್ಸಕ್ಕೆ ಬರಲ್ವಾ ನಿಂಗೆ?" ಅವನು ಒಂದೇ ಒಂದು ಮಾತು, ನಾನು ಹೇಳಿದ್ದೆನಲ್ಲ ಎಂದು ಅಂದಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಅನ್ನಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಆ ಮಾತನ್ನು ನಾನಾದರೂ ಹೇಳುತ್ತೇನೆ ಎಂದು ಕಾದಿದ್ದನೋ ಏನೋ. ಸಂಜೆ ಕೀ ತಂದು ಜಗಲಿಯ ಮೇಲೆ ಇಟ್ಟ. ವಾರದೊಳಗೆ ಗಂಡ ಹೆಂಡತಿ ತೋಟದ ಆಳುಗಳ ಲೈನ್ ಮನೆ ಖಾಲಿ ಮಾಡಿ ಕಳಸದ ಕಡೆ ಬೇರೆ ತೋಟಕ್ಕೆ ಹೋದರು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅಂತ ಗಾದೆ. ನನಗದು ಗೊತ್ತಿಲ್ಲದ್ದೇನಲ್ಲ. ಒಮ್ಮೆ ಕಳಸದ ಪೆಟ್ರೋಲ್ ಬಂಕಿನಲ್ಲಿ ಅವನನ್ನು ಕಂಡೆ. ಅವನು ಕೈ ಎತ್ತಿದ. ನಾನು ಜೀಪಿನೊಳಗೆ ಕೂತು ಫೋನ್ ನೋಡುವವನಂತೆ ಮಾಡಿದೆ. ಮನೆ ಸೇರುವವರೆಗೂ ನನ್ನ ಮೇಲೆ ನನಗೇ ಹೇಸಿಗೆ. ಅವನ ನಂತರ ನಾಲ್ವರು ಡ್ರೈವರುಗಳು ಬಂದು ಹೋದರು, ಒಬ್ಬನ ಜೊತೆಗೂ ದರೆಯ ಮೇಲೆ ಕೂತು ಎಲೆ ಹಾಕಲಿಲ್ಲ.

ಅಂಗಡಿಯಿಂದ ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. ಸಿಕ್ಕಿದ್ದು ಬೋಲ್ಟಿನ ನೆಪ, ಬೇಕಾಗಿದ್ದು ಅವನ ದನಿ. ಎರಡನೇ ರಿಂಗಿಗೆ ಎತ್ತಿದ.

"ಹೇಳಿ ಅಣ್ಣಾ" ಅಂದ. ನಿನ್ನೆ ಸಂಜೆ ಬಿಟ್ಟ ಮಾತನ್ನು ಮುಂದುವರಿಸುವವನಂತೆ.

"ಹೊಸ ಕಟರ್ ತಗೋತಿದೀನಿ ಮಾರಾಯ. ಬೋಲ್ಟೋ ಕ್ಲಚ್ಚೋ?"

"ಓಡ್ಸೋರ್ಯಾರು?"

"ನೀನು ಬಂದ್ರೆ ನೀನೇ."

"ಮಂಡಿ ಹೋಯ್ತು ಅಣ್ಣಾ. ಟ್ರ್ಯಾಕ್ಟರ್ ಹತ್ತೋದು ಬಿಟ್ಟು ಎರಡ್ ವರ್ಷ ಆಯ್ತು. ಬೋಲ್ಟಿಂದೇ ತಗೊಳ್ಳಿ. ಕ್ಲಚ್ಚಿಗೆ ವರ್ಷಾ ವರ್ಷಾ ನೋಡೋರ್ ಬೇಕು, ನಿಮ್ಗೆಲ್ಲಿದೆ ಅಷ್ಟ್ ತಾಳ್ಮೆ. ತುಂಡಾದ್ರೆ ಗಟ್ಟಿ ಬೋಲ್ಟ್ ಮಾತ್ರ ಹಾಕ್ಬೇಡಿ."

ಇನ್ನು ಫೋನ್ ಇಟ್ಟುಬಿಡುತ್ತಾನೆ ಎಂಬ ಹೆದರಿಕೆಗೆ ಮಾತು ತಾನಾಗಿ ಹೊರಬಿತ್ತು. "ಅವತ್ತಿನ ತಪ್ಪು ನಂದು. ನೀನು ಹೇಳಿದ್ದೆ. ನಾನು ಕೇಳಲಿಲ್ಲ."

"ಅದು ನಂಗೂ ಗೊತ್ತು, ನಿಮ್ಗೂ ಗೊತ್ತು ಅಣ್ಣಾ. ನಮ್ಮನೆಯವ್ಳಿಗೆ ಗೊತ್ತಾಗ್ಬೇಕಿತ್ತು."

"ಫೋನ್ ಕೊಡು ಅವಳಿಗೆ, ಈಗ್ಲೇ ಹೇಳ್ತೀನಿ."

"ಹೋದ್ ಮಳೆಗಾಲ ತೀರ್ಕಂಡ್ಲು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಂದಲ್ಲ ತಪ್ಪು ಅಂತ ಎಷ್ಟೋ ಸಲ ಹೇಳ್ದೆ. ನಂಬ್ಲಿಲ್ಲ. ಅಣ್ಣ ಸುಮ್ಸುಮ್ನೆ ಅಷ್ಟ್ ಜನರ ಮುಂದೆ ಬಯ್ಯೋರಲ್ಲ, ನೀನೇ ಏನೋ ಮಾಡಿರ್ತೀಯ ಅಂತಿದ್ಲು."

ಸಾಯುವ ತನಕ ಅವಳು ಗಂಡನಿಗಿಂತ ಹೆಚ್ಚು ನನ್ನನ್ನು ನಂಬಿದ್ದಳು.